ಹಿರಿಯೂರಿನಂಥ ಸಣ್ಣ ಊರಿನ ಸುತ್ತ ನಕ್ಷತ್ರ ನೋಡುವ ಜಾಗ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಬಯಲುಸೀಮೆಯ ಸಣ್ಣ ಊರುಗಳಲ್ಲಿ ಇರುವವರಿಗೆ ಆಕಾಶಗಂಗೆ ನೋಡಲು ಲಡಾಖಿನ ಹಾನ್ಲೆಗೆ ಹೋಗಬೇಕಾಗಿಲ್ಲ. ಇಪ್ಪತ್ತು ಕಿಲೋಮೀಟರ್ ಒಳಗೆ ಒಳ್ಳೆಯ ಜಾಗ ಸಿಗುತ್ತದೆ. ಹೋಗಿಬಂದವರು "ಏನೂ ಕಾಣಲಿಲ್ಲ" ಎಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ತಪ್ಪಾಗಿರುತ್ತದೆ: ತಿಥಿ ನೋಡಿಲ್ಲ, ಕಣ್ಣಿಗೆ ಅರ್ಧ ಗಂಟೆ ಕತ್ತಲು ಕೊಟ್ಟಿಲ್ಲ, ಅಥವಾ ಊರಿನಿಂದ ಹೋದ ದಿಕ್ಕೇ ಸರಿಯಿಲ್ಲ. ಮೊದಲ ಎರಡನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಹೇಳುವವರು ಕಡಿಮೆ, ನಮ್ಮ ಅಕ್ಷಾಂಶದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಉದಾಹರಣೆಗೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರನ್ನು ಇಟ್ಟುಕೊಂಡಿದ್ದೇವೆ. ಮಳೆ ಕಡಿಮೆ, ಸುತ್ತ ಬಯಲು, ಅಲ್ಲಲ್ಲಿ ಗುಡ್ಡ, ಪಕ್ಕದಲ್ಲೇ ಹೆದ್ದಾರಿ. ಈ ಲಕ್ಷಣಗಳು ಶಿರಾ, ಪಾವಗಡ, ಹೊಸದುರ್ಗ, ಕೂಡ್ಲಿಗಿ, ಮಧುಗಿರಿ ಎಲ್ಲಕ್ಕೂ ಹೊಂದುತ್ತವೆ. ಊರಿನ ಹೆಸರು ಬದಲಿಸಿಕೊಂಡರೆ ಕ್ರಮ ಅದೇ.

ಮೊದಲ ನಿಯಮ: ಊರಿನ ದಕ್ಷಿಣಕ್ಕೆ ಹೋಗಿ

ಹಿರಿಯೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ, ಅದರ ಕೆಳಗೆ ನೋಡುವಂಥದ್ದು ಹೆಚ್ಚೇನೂ ಇಲ್ಲ. ದಕ್ಷಿಣದ ಕಥೆ ಬೇರೆ. ಅಗಸ್ತ್ಯ (ಕೆನೋಪಸ್) ನಕ್ಷತ್ರ ಅತಿ ಹೆಚ್ಚೆಂದರೆ 23 ಡಿಗ್ರಿ ಏರುತ್ತದೆ. ತ್ರಿಶಂಕುವಿನ (ಸದರ್ನ್ ಕ್ರಾಸ್) ನಾಲ್ಕು ನಕ್ಷತ್ರಗಳು 13ರಿಂದ 19 ಡಿಗ್ರಿಯ ನಡುವೆ ಹಾದುಹೋಗುತ್ತವೆ. ಕಿನ್ನರ ಮಂಡಲದ ಆಲ್ಫಾ ಸೆಂಟಾರಿ 15 ಡಿಗ್ರಿ, ಒಮೇಗಾ ಸೆಂಟಾರಿ ಎಂಬ ದೊಡ್ಡ ಗೋಳಗುಚ್ಛ (ಚೆಂಡಿನಂತೆ ಒತ್ತೊತ್ತಾಗಿ ಸೇರಿದ ನಕ್ಷತ್ರಗಳ ಗುಂಪು) 28 ಡಿಗ್ರಿ. ದೆಹಲಿಯವರಿಗೆ ತ್ರಿಶಂಕುವಿನ ಬುಡದ ನಕ್ಷತ್ರ ಏಳುವುದೇ ಇಲ್ಲ. ನಮಗೆ ಸಿಕ್ಕಿರುವ ಈ ಭಾಗ್ಯ ದಿಗಂತಕ್ಕೆ ಅಂಟಿಕೊಂಡಿದೆ, ದಕ್ಷಿಣ ಅಂಚು ಕೆಟ್ಟರೆ ಪೂರ್ತಿ ಹೋಗುತ್ತದೆ. 1960ರ ದಶಕದಲ್ಲಿ ಖಗೋಳ ವಿಜ್ಞಾನಿ ವೇಣು ಬಾಪು ಅವರು ವೀಕ್ಷಣಾಲಯಕ್ಕೆಂದು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿಕೊಂಡದ್ದಕ್ಕೂ ಅಲ್ಲಿಂದ ದಕ್ಷಿಣದ ಆಕಾಶ ಚೆನ್ನಾಗಿ ಸಿಗುತ್ತದೆ ಎಂಬುದು ಒಂದು ಕಾರಣ.

ಪ್ರತಿ ಊರಿನ ಮೇಲೆ ರಾತ್ರಿ ಬೆಳಕಿನ ಗುಮ್ಮಟವೊಂದು ಕವುಚಿಕೊಂಡಿರುತ್ತದೆ. ಹತ್ತು ಕಿಲೋಮೀಟರ್ ದೂರ ಹೋದರೂ ಅದು ದಿಗಂತದ ಮೇಲೆ ಕಾಣುತ್ತದೆ. ನೀವು ಊರಿನ ಉತ್ತರಕ್ಕೆ ಹೋಗಿ ಕುಳಿತರೆ ಆ ಗುಮ್ಮಟ ನಿಮ್ಮ ದಕ್ಷಿಣಕ್ಕೆ, ಅಂದರೆ ಸರಿಯಾಗಿ ತ್ರಿಶಂಕುವಿನ ಕೆಳಗೆ ಬರುತ್ತದೆ. ಅದೇ ದೂರ ದಕ್ಷಿಣಕ್ಕೆ ಹೋದರೆ ಗುಮ್ಮಟ ಬೆನ್ನ ಹಿಂದೆ, ಧ್ರುವದ ಬುಡದಲ್ಲಿ ಕೂರುತ್ತದೆ. ಇದರಿಂದ ನಷ್ಟ ಅಲ್ಪ: ಸಪ್ತರ್ಷಿ ಮಂಡಲ ಏಪ್ರಿಲ್–ಮೇ ತಿಂಗಳ ರಾತ್ರಿ ಉತ್ತರದಲ್ಲಿ 40–50 ಡಿಗ್ರಿ ಎತ್ತರಕ್ಕೆ ಬರುವುದರಿಂದ ಗುಮ್ಮಟದ ಮೇಲೆಯೇ ಉಳಿಯುತ್ತದೆ.

ಎಷ್ಟು ದೂರ?

ಊರಿನ ಬೆಳಕು ದೂರದ ಜೊತೆ ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಮರ್ಲ್ ವಾಕರ್ ಎಂಬ ಖಗೋಳ ವಿಜ್ಞಾನಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಊರುಗಳ ಸುತ್ತ ಅಳೆದಿದ್ದರು. ಅವರ ಸೂತ್ರದ ಪ್ರಕಾರ ದೂರ ಎರಡು ಪಟ್ಟಾದರೆ ಬೆಳಕು ಐದೂವರೆ ಪಟ್ಟಿಗೂ ಹೆಚ್ಚು ಇಳಿಯುತ್ತದೆ, ಮೂರು ಪಟ್ಟಾದರೆ ಹದಿನೈದು ಪಟ್ಟು. ಊರಿನಿಂದ 5 ಕಿಲೋಮೀಟರ್ ಇದ್ದದ್ದನ್ನು 15 ಮಾಡಿಕೊಂಡರೆ ಆಗುವ ಲಾಭ ಅಪಾರ. ಆದರೆ 15ರಿಂದ 30ಕ್ಕೆ ಹೋದರೆ ಮುಂದಿನ ಊರು ಹತ್ತಿರವಾಗತೊಡಗುತ್ತದೆ, ಒಂದರ ಬೆಳಕು ತಗ್ಗಿದಂತೆ ಇನ್ನೊಂದರದ್ದು ಏರುತ್ತದೆ.

ಅದಕ್ಕೇ ನಮ್ಮ ಸಲಹೆ 12ರಿಂದ 20 ಕಿಲೋಮೀಟರ್. ಕೆಲಸ ಮುಗಿಸಿ, ಊಟ ಮಾಡಿ, ಬೈಕಿನಲ್ಲಿ ಅರ್ಧ ಗಂಟೆಯೊಳಗೆ ತಲುಪುವ ಜಾಗಕ್ಕೆ ತಿಂಗಳಿಗೆ ನಾಲ್ಕು ಸಲ ಹೋಗುತ್ತೀರಿ. ಎಪ್ಪತ್ತು ಕಿಲೋಮೀಟರ್ ದೂರದ ಅದ್ಭುತ ಜಾಗಕ್ಕೆ ವರ್ಷಕ್ಕೊಮ್ಮೆ ಹೋಗುತ್ತೀರಿ, ಆ ದಿನವೇ ಮೋಡ ಕವಿಯುತ್ತದೆ.

ನಕ್ಷೆಯ ಮೇಲಿನ ಕೆಲಸ

ಗೂಗಲ್ ಅರ್ಥ್ ಅಥವಾ ಕಾಗದದ ನಕ್ಷೆಯಲ್ಲಿ ಊರಿನ ಬಸ್ ನಿಲ್ದಾಣವನ್ನು ಕೇಂದ್ರ ಮಾಡಿಕೊಂಡು 10, 20 ಮತ್ತು 40 ಕಿಲೋಮೀಟರಿಗೆ ಮೂರು ವೃತ್ತ ಎಳೆಯಿರಿ. ಹೊರ ವೃತ್ತದ ಆಸುಪಾಸಿನಲ್ಲಿ ಬರುವ ಊರುಗಳನ್ನು ದಿಕ್ಕಿನ ಸಮೇತ ಬರೆಯಿರಿ. ಹಿರಿಯೂರಿಗೆ ಹೀಗೆ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ವಾಯವ್ಯಕ್ಕೆ ಚಿತ್ರದುರ್ಗ, ಉತ್ತರಕ್ಕೆ ಚಳ್ಳಕೆರೆ, ಪಶ್ಚಿಮ–ನೈಋತ್ಯಕ್ಕೆ ಹೊಸದುರ್ಗ, ಆಗ್ನೇಯಕ್ಕೆ ಶಿರಾ. ಎಲ್ಲವೂ ಹತ್ತಿರ ಹತ್ತಿರ 40 ಕಿಲೋಮೀಟರ್. ಆಗ್ನೇಯದಲ್ಲಿ ಶಿರಾದ ಆಚೆಗೆ ತುಮಕೂರು, ಅದರಾಚೆಗೆ ಬೆಂಗಳೂರು ಒಂದರ ಹಿಂದೊಂದು ನಿಂತಿರುವುದರಿಂದ ಆ ಮೂಲೆ ಸದಾ ಮಸುಕು. ನೇರ ದಕ್ಷಿಣದಲ್ಲಿ ಮಾತ್ರ ದೊಡ್ಡದೇನೂ ಇಲ್ಲ. ಆ ಕಡೆಗೆ ಸಿಗುವ ಮುಖ್ಯ ಊರು ಹುಳಿಯಾರು, ಅದೂ 40 ಕಿಲೋಮೀಟರ್ ಆಚೆ. ನಡುವೆ ಕುರುಚಲು ಕಾಡು, ಹೊಲ, ಸಣ್ಣ ಹಳ್ಳಿಗಳು, ಮತ್ತೆ 2019ರಲ್ಲಿ ಘೋಷಣೆಯಾದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರಾ ವನ್ಯಧಾಮ. ಹಾಗಾಗಿ ಹುಡುಕಬೇಕಾದ ಪಟ್ಟಿ ದಕ್ಷಿಣದಿಂದ ನೈಋತ್ಯದವರೆಗೆ. ನಿಮ್ಮ ಊರಿಗೂ ಇಂಥದೊಂದು ಓಣಿ ಇದ್ದೇ ಇರುತ್ತದೆ. ದಕ್ಷಿಣದಲ್ಲೇ ದೊಡ್ಡ ಊರಿದ್ದರೆ ಆಗ್ನೇಯ ಅಥವಾ ನೈಋತ್ಯಕ್ಕೆ ಸರಿಯಿರಿ, ಆದರೆ ಉತ್ತರಕ್ಕೆ ಹೋಗುವುದು ಕೊನೆಯ ಆಯ್ಕೆಯಾಗಲಿ.

ಇನ್ನು ಬೆಳಕಿನ ಮಾಲಿನ್ಯದ ನಕ್ಷೆ. ಅಂತರ್ಜಾಲದಲ್ಲಿ ಸಿಗುವ ಲೈಟ್ ಪೊಲ್ಯೂಷನ್ ಮ್ಯಾಪ್‌ನಲ್ಲಿ ಎರಡು ಮುಖ್ಯ ಪದರಗಳಿವೆ, ಇವೆರಡೂ ಒಂದೇ ಎಂದುಕೊಳ್ಳುವುದೇ ಹೊಸಬರ ಮೊದಲ ತಪ್ಪು. 'ವಿಐಐಆರ್‌ಎಸ್' ಎಂಬ ಉಪಗ್ರಹ ಸಂವೇದಕದ ಪದರ ತೋರಿಸುವುದು ನೆಲದಿಂದ ಮೇಲಕ್ಕೆ ಹೋಗುವ ಬೆಳಕನ್ನು. ಅದರಲ್ಲಿ ಕಪ್ಪಗೆ ಕಾಣುವ ಚೌಕದಲ್ಲಿ ದೀಪವಿಲ್ಲ ಎಂದಷ್ಟೇ ಅರ್ಥ, ಅಲ್ಲಿನ ಆಕಾಶ ಕಪ್ಪಗಿದೆ ಎಂದಲ್ಲ. ಪಕ್ಕದ ಊರಿನ ಗುಮ್ಮಟ ಅದರ ಮೇಲೂ ಬಿದ್ದಿರುತ್ತದೆ. ಆಕಾಶದ ಹೊಳಪನ್ನು ಲೆಕ್ಕ ಹಾಕಿ ತೋರಿಸುವುದು 'ವರ್ಲ್ಡ್ ಅಟ್ಲಾಸ್' ಪದರ, ಅದು 2015ರ ಸ್ಥಿತಿ. ಅಲ್ಲಿಂದೀಚೆಗೆ ನಮ್ಮ ಹಳ್ಳಿಗಳಿಗೆ ಎಲ್‌ಇಡಿ ಬೀದಿದೀಪ ಬಂದಿದೆ. ಉಪಗ್ರಹದ ಸಂವೇದಕ 500 ನ್ಯಾನೋಮೀಟರಿಗಿಂತ ಕೆಳಗಿನ ನೀಲಿ ಬೆಳಕನ್ನು ಹಿಡಿಯುವುದಿಲ್ಲ, ಬಿಳಿ ಎಲ್‌ಇಡಿಯಲ್ಲಿ ಆ ನೀಲಿ ಹೆಚ್ಚು. ಜೊತೆಗೆ ಉಪಗ್ರಹ ಹಾದುಹೋಗುವುದು ರಾತ್ರಿ ಸುಮಾರು ಒಂದೂವರೆಗೆ, ಸಂಜೆ ಎಂಟಕ್ಕೆ ಉರಿಯುವ ಅಂಗಡಿ ದೀಪ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ನಕ್ಷೆ ಹೇಳುವುದಕ್ಕಿಂತ ವಾಸ್ತವ ಸ್ವಲ್ಪ ಕೆಟ್ಟದಾಗಿಯೇ ಇರುತ್ತದೆ ಎಂದುಕೊಂಡು ಹೊರಡಿ.

ಬಾರ್ಟಲ್ ಮಾಪಕ ಎಂಬ ಮಾತು ಇಲ್ಲಿ ಬರುತ್ತದೆ. 2001ರಲ್ಲಿ ಜಾನ್ ಬಾರ್ಟಲ್ ಮಾಡಿದ 1ರಿಂದ 9ರವರೆಗಿನ ಶ್ರೇಣಿ ಅದು: 1 ಕಡುಗತ್ತಲು, 9 ಮಹಾನಗರದ ನಡುಮಧ್ಯ. ಸಣ್ಣ ಊರಿನ ಹತ್ತಿರ 4 ಸಿಕ್ಕರೆ ಸಂತೋಷಪಡಿ, 3 ಸಿಕ್ಕರೆ ಆ ಜಾಗವನ್ನು ಕಾಪಾಡಿಕೊಳ್ಳಿ.

ಓಣಿಯೊಳಗೆ ಐದಾರು ಚುಕ್ಕೆ ಗುರುತು ಮಾಡಿ. ಉಪಗ್ರಹ ಚಿತ್ರದಲ್ಲಿ ಹಾಸುಬಂಡೆ, ಬೀಳು ಹೊಲ, ಕೆರೆ ಏರಿ, ಶಾಲೆ ಮೈದಾನ ಇವು ಚೆನ್ನಾಗಿ ಗೊತ್ತಾಗುತ್ತವೆ. ಆಮೇಲೆ ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ತೆರೆದು ಪ್ರತಿ ಚುಕ್ಕೆಯ ಸರ್ವೆ ನಂಬರ್ ನೋಡಿ. ಖಾಸಗಿ ಹೊಲವೋ ಸರ್ಕಾರಿ ಜಾಗವೋ ಎಂಬುದು ಮನೆಯಲ್ಲೇ ತಿಳಿದರೆ ಯಾರನ್ನು ಕೇಳಬೇಕೆಂಬುದೂ ತಿಳಿಯುತ್ತದೆ. ಮೀಸಲು ಅರಣ್ಯ ಮತ್ತು ವನ್ಯಧಾಮದ ಒಳಗಿನ ಚುಕ್ಕೆಗಳನ್ನು ಆಗಲೇ ಅಳಿಸಿಹಾಕಿ. ರಾತ್ರಿ ಅಲ್ಲಿಗೆ ಅನುಮತಿಯಿಲ್ಲದೆ ಹೋಗುವುದು ಕಾನೂನಿಗೂ ತಪ್ಪು, ಪ್ರಾಣಿಗಳಿಗೂ ತೊಂದರೆ. ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ದಿಗಂತದಿಂದ ದಿಗಂತದವರೆಗೆ ತೆರೆದಿದ್ದು ಆಸೆ ಹುಟ್ಟಿಸುತ್ತವೆ, ಆದರೆ ಅವೂ ಇಲಾಖೆಗಳ ವಶದಲ್ಲಿವೆ. ಕಾವಲಿನ ಹೊರ ಅಂಚಿನ ಹೊಲವೇ ಸಾಕು.

ಹಗಲಿನಲ್ಲಿ ಒಮ್ಮೆ ಹೋಗಿ ಬನ್ನಿ

ಹೊಸ ಜಾಗಕ್ಕೆ ಮೊದಲ ಸಲ ರಾತ್ರಿ ಹೋಗಲೇಬೇಡಿ. ಸಂಜೆ ನಾಲ್ಕಕ್ಕೆ ಹೋಗಿ ದಿಕ್ಸೂಚಿ ಹಿಡಿದು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಈಗ ಮುಷ್ಟಿಯ ಲೆಕ್ಕ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ನಿಮ್ಮ ಮುಷ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಚಳಿಗಾಲದ ರಾತ್ರಿ ಮಹಾವ್ಯಾಧನನ್ನು (ಒರಾಯನ್) ನೋಡಿ: ಹೆಗಲಿನ ಆರ್ದ್ರಾದಿಂದ ಪಾದದ ರೀಗೆಲ್‌ವರೆಗೆ ಸುಮಾರು 19 ಡಿಗ್ರಿ, ಹೆಚ್ಚುಕಡಿಮೆ ಎರಡು ಮುಷ್ಟಿ.

ದಕ್ಷಿಣ ದಿಗಂತದ ಮೇಲೆ ಒಂದು ಮುಷ್ಟಿ ಇಟ್ಟು ನೋಡಿ. ಗುಡ್ಡ, ಮರ, ಕಂಬ ಯಾವುದಾದರೂ ಮುಷ್ಟಿಯ ಮೇಲಂಚನ್ನು ದಾಟಿದರೆ ತ್ರಿಶಂಕುವಿನ ಬುಡ ಹೋಯಿತು. ಅರ್ಧ ಮುಷ್ಟಿಯ ಒಳಗೆ ಇದ್ದರೆ ಜಾಗ ಉತ್ತಮ. ಇದಕ್ಕೊಂದು ಸುಲಭ ಅಳತೆ ಇದೆ: ಅಡ್ಡ ಬರುವ ವಸ್ತುವಿನ ಎತ್ತರದ ಹತ್ತುಪಟ್ಟು ದೂರದಲ್ಲಿ ನಿಂತರೆ ಅದು 6 ಡಿಗ್ರಿಗಿಂತ ಕೆಳಗೆ ಉಳಿಯುತ್ತದೆ. ಹದಿನೈದು ಮೀಟರ್ ಎತ್ತರದ ತೆಂಗಿನ ಮರದಿಂದ 150 ಮೀಟರ್ ದೂರ ಬೇಕು. ಅದೇ ಮರ 50 ಮೀಟರಿನಲ್ಲಿದ್ದರೆ 17 ಡಿಗ್ರಿಯವರೆಗೆ ಮುಚ್ಚುತ್ತದೆ, ಆಲ್ಫಾ ಸೆಂಟಾರಿ ಗರಿಗಳ ಹಿಂದೆಯೇ ಹುಟ್ಟಿ ಹಿಂದೆಯೇ ಮುಳುಗುತ್ತದೆ. ಹಿರಿಯೂರು ಸೀಮೆಯಲ್ಲಿ ತೆಂಗಿನ ತೋಟಗಳು ಬೇಕಾದಷ್ಟಿರುವುದರಿಂದ ತೋಟದ ಬದು ಜಾಗವಾಗುವುದಿಲ್ಲ, ತೋಟ ಉತ್ತರದಲ್ಲಿದ್ದರೆ ಮಾತ್ರ ವರ. ಊರಿನ ಗುಮ್ಮಟವನ್ನೂ ಗಾಳಿಯನ್ನೂ ಅದೇ ತಡೆಯುತ್ತದೆ.

ಆಮೇಲೆ ದೀಪಗಳನ್ನು ಹಗಲಲ್ಲೇ ಎಣಿಸಿ. ದೂರದ ಊರಿನ ಗುಮ್ಮಟಕ್ಕಿಂತ ಅರ್ಧ ಕಿಲೋಮೀಟರ್ ಆಚೆಯ ಒಂದೇ ಒಂದು ಬೆತ್ತಲೆ ಎಲ್‌ಇಡಿ ಕಣ್ಣನ್ನು ಹೆಚ್ಚು ಹಾಳುಮಾಡುತ್ತದೆ. ಹೈಮಾಸ್ಟ್ ಕಂಬ, ಪೆಟ್ರೋಲ್ ಬಂಕ್, ಟೋಲ್, ಕ್ರಷರ್, ಕೋಳಿ ಫಾರಂ, ವಿದ್ಯುತ್ ಉಪಕೇಂದ್ರ, ಹೊಲದ ಪಂಪ್‌ಮನೆ ಇವೆಲ್ಲ ಪಟ್ಟಿಗೆ ಬರಲಿ. ಪಂಪ್‌ಮನೆಯ ಬಲ್ಬನ್ನು ಮರೆಯುವವರು ಹೆಚ್ಚು: ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ದಿನ ರೈತರು ನೀರು ಕಟ್ಟಲು ಬರುತ್ತಾರೆ, ಬಲ್ಬು ಉರಿಯುತ್ತದೆ. ಅದು ಅವರ ಕೆಲಸ, ಆರಿಸಿ ಎನ್ನುವ ಹಕ್ಕು ನಮಗಿಲ್ಲ. ನಾವೇ ಸರಿದು ಕೂರಬೇಕು. ಸುತ್ತಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಕಣ್ಣಿನ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸದಿದ್ದರೂ ಮಿನುಗಿ ಮಿನುಗಿ ಗಮನ ಕದಿಯುತ್ತದೆ, ಫೋಟೊದಲ್ಲಂತೂ ಎದ್ದು ಕಾಣುತ್ತದೆ. ಅವುಗಳ ಸಾಲು ದಕ್ಷಿಣಕ್ಕೆ ಬರದಂತೆ ಆರಿಸಿ. ಬೆಂಗಳೂರು–ಪುಣೆ ಹೆದ್ದಾರಿಯಿಂದ ಕನಿಷ್ಠ ಮೂರು ನಾಲ್ಕು ಕಿಲೋಮೀಟರ್ ಒಳಗೆ ಹೋಗಿ, ನಡುವೆ ಒಂದು ದಿಬ್ಬ ಅಡ್ಡವಿದ್ದರೆ ಲಾರಿಗಳ ಹೆಡ್‌ಲೈಟ್ ತಪ್ಪುತ್ತದೆ.

ನೆಲ ನೋಡಿ. ಎರೆಹೊಲಕ್ಕೆ ಮಳೆಯಾದ ಮೂರು ದಿನ ಗಾಡಿ ಇಳಿಸಬೇಡಿ, ಚಕ್ರ ಹೂತರೆ ರಾತ್ರಿ ಹನ್ನೊಂದಕ್ಕೆ ಟ್ರಾಕ್ಟರ್ ಹುಡುಕಬೇಕಾಗುತ್ತದೆ. ಕೆಂಪು ಮರಳುಮಿಶ್ರಿತ ನೆಲ ಅಥವಾ ಹಾಸುಬಂಡೆ ಒಳ್ಳೆಯದು. ಬಂಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಸಂಜೆ ಬಿಡುತ್ತದೆ. ಬರಿಗಣ್ಣಿಗೆ ಇದರಿಂದ ತೊಂದರೆಯಿಲ್ಲ, ಆದರೆ ಟೆಲಿಸ್ಕೋಪ್ ಇಟ್ಟವರಿಗೆ ಗ್ರಹಗಳು ನೀರಿನೊಳಗಿನ ನಾಣ್ಯದಂತೆ ಕದಡುತ್ತವೆ. ಅವರು ಪಕ್ಕದ ಹುಲ್ಲುನೆಲದಲ್ಲಿ ಇಡಲಿ.

ಕೆರೆ, ಜಲಾಶಯ, ಗುಡ್ಡ: ಯಾವುದು ಮೇಲು?

ನೀರಿನ ಮೇಲೆ ದೀಪವಿರುವುದಿಲ್ಲ, ಮರವೂ ಇರುವುದಿಲ್ಲ. ಆದ್ದರಿಂದ ನೀರಿನ ಉತ್ತರ ದಂಡೆಯಲ್ಲಿ ಕೂತು ದಕ್ಷಿಣಕ್ಕೆ ನೋಡುವುದು ಮೇಲ್ನೋಟಕ್ಕೆ ಆದರ್ಶ. ವೇದಾವತಿಗೆ ಕಟ್ಟಿರುವ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ಹಿರಿಯೂರಿನ ನೈಋತ್ಯಕ್ಕಿದೆ. ಊರಿನ ಬೆಳಕು ಬೆನ್ನ ಹಿಂದೆ ಈಶಾನ್ಯಕ್ಕೆ ಬೀಳುತ್ತದೆ, ಹಿನ್ನೀರು ಮುಂದೆ ಹರಡುತ್ತದೆ. ಆದರೆ ಎರಡು ಎಚ್ಚರಿಕೆ. ಅಣೆಕಟ್ಟೆಯ ಮೇಲೆ ರಾತ್ರಿ ಕೂರುವ ಆಸೆ ಬೇಡ, ಅದು ಕಾವಲಿರುವ ಜಾಗ. ಹಿನ್ನೀರಿನ ಅಂಚಿನಲ್ಲಿ ಕೂರುವುದಾದರೆ ಹಳೆಯ ಉಪಗ್ರಹ ಚಿತ್ರವನ್ನು ನಂಬಬೇಡಿ. ದಶಕಗಳ ಕಾಲ ಬಯಲಾಗಿದ್ದ ಅಂಗಳಗಳು 2022ರ ಸೆಪ್ಟೆಂಬರಿನಲ್ಲಿ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ನೀರೊಳಗೆ ಹೋದವು. ಇತ್ತೀಚಿನ ಚಿತ್ರ ನೋಡಿ, ಹಗಲು ಹೋಗಿ ಖಚಿತ ಮಾಡಿಕೊಳ್ಳಿ.

ನೀರಿನ ಪಕ್ಕದ ಇನ್ನೊಂದು ಕಷ್ಟ ಇಬ್ಬನಿ ಮತ್ತು ಮಂಜು. ಡಿಸೆಂಬರ್–ಜನವರಿಯ ನಿಶ್ಚಲ ರಾತ್ರಿಯಲ್ಲಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಕೆರೆಯ ಅಂಗಳದಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಮೂರರ ಹೊತ್ತಿಗೆ ಬೈನಾಕ್ಯುಲರ್ ಗಾಜು ಬೆವರುತ್ತದೆ, ನಾಲ್ಕಕ್ಕೆ ದಕ್ಷಿಣ ದಿಗಂತವೇ ಬೆಳ್ಳಗಾಗುತ್ತದೆ. ಸುತ್ತಲಿನ ನೆಲಕ್ಕಿಂತ 30–50 ಮೀಟರ್ ಎತ್ತರದ ದಿಬ್ಬಕ್ಕೆ ಹೋದರೆ ಇದು ಬಹುಪಾಲು ತಪ್ಪುತ್ತದೆ. ಹಳ್ಳಿಯ ಒಲೆಯ ಹೊಗೆ, ಕಬ್ಬಿನ ರವುದಿ ಸುಟ್ಟ ಹೊಗೆ ಕೂಡ ಚಳಿಗಾಲದಲ್ಲಿ ತಗ್ಗಿನಲ್ಲೇ ಮಲಗುತ್ತದೆ. ಆಯ್ಕೆ ಮಾಡಬೇಕಾದರೆ ಕೆರೆ ಏರಿಗಿಂತ ಸಣ್ಣ ದಿಬ್ಬವೇ ಮೇಲು. ದೊಡ್ಡ ಬೆಟ್ಟದ ತುದಿ ಬೇಡ: ಅಲ್ಲಿಂದ ನಾಲ್ಕು ದಿಕ್ಕಿನ ಊರುಗಳ ದೀಪವೂ ನೇರ ಕಣ್ಣಿಗೆ ಬೀಳುತ್ತದೆ, ಗಾಳಿಗೆ ಟ್ರೈಪಾಡ್ ನಡುಗುತ್ತದೆ, ಕಡಿದಾದ ದಾರಿಯಲ್ಲಿ ಕತ್ತಲಲ್ಲಿ ಇಳಿಯಬೇಕು. ದಿಬ್ಬದ ದಕ್ಷಿಣ ಇಳಿಜಾರಿನಲ್ಲಿ, ನೆತ್ತಿಯಿಂದ ಹತ್ತು ಹನ್ನೆರಡು ಮೀಟರ್ ಕೆಳಗೆ ಕೂತರೆ ಊರು ಮರೆಯಾಗುತ್ತದೆ. ಒಂದು ಸಣ್ಣ ಇಳಿಜಾರು ಕೊಡುವ ಕತ್ತಲನ್ನು ಹತ್ತು ಕಿಲೋಮೀಟರ್ ಪೆಟ್ರೋಲ್ ಕೊಡುವುದಿಲ್ಲ.

ಯಾವ ದಿನ, ಯಾವ ಹೊತ್ತು

ಗೋಡೆಯ ಕ್ಯಾಲೆಂಡರಿನ ತಿಥಿಯೇ ಸಾಕು. ಸಂಜೆ ನೋಡುವವರಿಗೆ ಕೃಷ್ಣ ಅಷ್ಟಮಿಯಿಂದ ಶುಕ್ಲ ತದಿಗೆಯವರೆಗಿನ ದಿನಗಳು: ಅಷ್ಟಮಿಯಂದು ಚಂದ್ರ ನಡುರಾತ್ರಿಯ ಆಸುಪಾಸು ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಬೆಳಗಿನ ಜಾವದವರಿಗೆ ಲೆಕ್ಕ ತಿರುಗುಮುರುಗು: ಅಮಾವಾಸ್ಯೆಯಿಂದ ಶುಕ್ಲ ದಶಮಿಯವರೆಗೂ ಚಂದ್ರ ಎರಡೂವರೆಯೊಳಗೆ ಮುಳುಗಿಬಿಡುತ್ತಾನೆ, ಅಲ್ಲಿಂದ ಐದರವರೆಗೆ ಕಡುಗತ್ತಲು. "ಶುಕ್ಲ ಪಕ್ಷ, ಪ್ರಯೋಜನವಿಲ್ಲ" ಎಂದು ಈ ಹತ್ತು ರಾತ್ರಿಗಳನ್ನು ಬಿಟ್ಟುಕೊಡುವವರೇ ಹೆಚ್ಚು. ಸೂರ್ಯ ಮುಳುಗಿದ ಮೇಲೆ ಪೂರ್ತಿ ಕತ್ತಲಾಗಲು ನಮ್ಮಲ್ಲಿ ಒಂದೂಕಾಲು ಗಂಟೆ ಬೇಕು. ಅದಕ್ಕೆ ಮುಂಚೆ ಜಾಗವನ್ನು ತೀರ್ಮಾನಿಸಬೇಡಿ.

ವರ್ಷದ ಅತ್ಯುತ್ತಮ ಕಾಲ ಹಿಂಗಾರು ಮಳೆ ನಿಂತ ಮೇಲಿನ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ. ಮಳೆ ದೂಳನ್ನು ತೊಳೆದಿರುತ್ತದೆ. ದೀಪಾವಳಿ ಅಮಾವಾಸ್ಯೆಗೆ ಪಟಾಕಿ ಹೊಗೆ ಕವಿದಿರುತ್ತದೆ, ಅದರ ಮುಂದಿನ ಕಾರ್ತಿಕ ಅಮಾವಾಸ್ಯೆ ಮತ್ತು ಎಳ್ಳಮಾವಾಸ್ಯೆಗಳನ್ನು ಕಾದಿರಿಸಿ. ಮಾರ್ಚ್–ಏಪ್ರಿಲ್‌ನಲ್ಲಿ ದೂಳು ಹೆಚ್ಚು, ಮೇಲಿನ ಆಕಾಶ ಚೆನ್ನಾಗಿದ್ದರೂ ದಿಗಂತ ಮಂಕು. ಮುಂಗಾರುಪೂರ್ವ ಗುಡುಗು ಮಳೆ ಬಂದು ಹೋದ ಮಾರನೆ ಬೆಳಗಿನ ಜಾವ ಮಾತ್ರ ಗಾಜು ತೊಳೆದಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಾರದಿದ್ದರೂ ಮೋಡ ಬಿಡುವುದಿಲ್ಲ.

ಏನು, ಯಾವಾಗ ದಕ್ಷಿಣದಲ್ಲಿ ಅತಿ ಎತ್ತರಕ್ಕೇರುತ್ತದೆ ಎಂಬುದು ಗೊತ್ತಿದ್ದರೆ ಜಾಗದ ಪರೀಕ್ಷೆಯೂ ಸುಲಭ. ಅಗಸ್ತ್ಯ ಫೆಬ್ರವರಿ ಮೊದಲ ಭಾಗದಲ್ಲಿ ರಾತ್ರಿ ಒಂಬತ್ತೂವರೆಗೆ ನೇರ ದಕ್ಷಿಣಕ್ಕೆ ಬರುತ್ತದೆ. ತ್ರಿಶಂಕು ಮಾರ್ಚ್ ಕೊನೆಯಲ್ಲಿ ನಡುರಾತ್ರಿ ಹನ್ನೆರಡೂವರೆಗೆ, ಮೇ ಮಧ್ಯದಲ್ಲಿ ಒಂಬತ್ತೂವರೆಗೆ. ಆಕಾಶಗಂಗೆಯ ಕೇಂದ್ರಭಾಗ ಧನು–ವೃಶ್ಚಿಕಗಳ ನಡುವಿದೆ. ಸಂಜೆಗೆ ಅದು ಚೆನ್ನಾಗಿ ಸಿಗುವ ಕಾಲಕ್ಕೆ ನಮ್ಮಲ್ಲಿ ಮಳೆಗಾಲ, ಆದ್ದರಿಂದ ಏಪ್ರಿಲ್ ಮಧ್ಯದ ಬೆಳಗಿನ ಜಾವ ನಾಲ್ಕೂವರೆ ಸರಿಯಾದ ಹೊತ್ತು: ದಕ್ಷಿಣದಲ್ಲಿ 47 ಡಿಗ್ರಿ ಎತ್ತರ. ಫೆಬ್ರವರಿ ಕೊನೆಯಲ್ಲೇ ನೋಡುವ ಆತುರವಿದ್ದರೆ ಅದು ಆಗ್ನೇಯದಲ್ಲಿ, ಶಿರಾ–ತುಮಕೂರಿನ ಮಸುಕಿನ ಮೇಲೆ ಏಳುತ್ತದೆ. ಅಂದಿಗೆ ಆಗ್ನೇಯದಲ್ಲಿ ಸಣ್ಣ ಗುಡ್ಡ ಅಡ್ಡವಿರುವ ಜಾಗ ಬೇರೆಯೇ ಬೇಕು. ಅಕ್ಟೋಬರ್ ಮಧ್ಯದಲ್ಲಿ ಮೋಡ ಬಿಟ್ಟರೆ ಸಂಜೆ ಏಳೂವರೆಗೆ ನೈಋತ್ಯದಲ್ಲಿ ಅದು ಇನ್ನೂ ಇರುತ್ತದೆ, ಹತ್ತರ ಸುಮಾರಿಗೆ ಮುಳುಗುತ್ತದೆ.

ರಾತ್ರಿಯ ಪರೀಕ್ಷೆ

ಚಂದ್ರನಿಲ್ಲದ ರಾತ್ರಿ ಜಾಗಕ್ಕೆ ಹೋಗಿ ದೀಪವೆಲ್ಲ ಆರಿಸಿ 30 ನಿಮಿಷ ಕೂರಿ. ಮಂದ ಬೆಳಕನ್ನು ಹಿಡಿಯುವ ಕಣ್ಣಿನ ದಂಡಕೋಶಗಳು ಕತ್ತಲಿಗೆ ಪೂರ್ತಿ ಹೊಂದಲು ಅಷ್ಟು ಹೊತ್ತು ಬೇಕೇ ಬೇಕು, ನಡುವೆ ಒಮ್ಮೆ ಮೊಬೈಲ್ ಬೆಳಗಿದರೆ ಲೆಕ್ಕ ಹೆಚ್ಚುಕಡಿಮೆ ಮೊದಲಿನಿಂದ.

ಧ್ರುವದ ಸುತ್ತಲಿನ ನಕ್ಷತ್ರ ಎಣಿಸಿ ಕತ್ತಲು ಅಳೆಯಿರಿ ಎಂದು ಉತ್ತರದ ದೇಶಗಳ ಪುಸ್ತಕಗಳು ಹೇಳುತ್ತವೆ. ನಮಗೆ ಆ ಭಾಗ ದಿಗಂತದ ಮಸುಕಿನಲ್ಲಿ ಇರುವುದರಿಂದ ಅದು ನಡೆಯುವುದಿಲ್ಲ. ಬದಲಿಗೆ ನೆತ್ತಿಯ ಹತ್ತಿರದ್ದನ್ನು ಬಳಸಿ. ನವೆಂಬರ್–ಡಿಸೆಂಬರ್ ಸಂಜೆ ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ನಕ್ಷತ್ರ ಸೇರಿ ಆಗುವ ದೊಡ್ಡ ಚೌಕ ನೆತ್ತಿಯ ಮೇಲಿರುತ್ತದೆ. ಚೌಕದ ಒಳಗೆ ಎಣಿಸಿ: ಒಂದೆರಡೇ ಆದರೆ ಊರು ಇನ್ನೂ ಹತ್ತಿರವಿದೆ, ಐದಕ್ಕೆ ಮೇಲಾದರೆ ಒಳ್ಳೆಯ ಜಾಗ, ಹತ್ತು ಹನ್ನೆರಡು ಮುಟ್ಟಿದರೆ ಬಹಳ ಒಳ್ಳೆಯದು. ಜನವರಿಯಿಂದ ಮಾರ್ಚ್‌ವರೆಗೆ ಕೃತ್ತಿಕೆ ಎಣಿಸಬಹುದು. ಆರು ಯಾರಿಗೂ ಕಾಣುತ್ತದೆ, ಎಂಟು ಒಂಬತ್ತು ಕಂಡರೆ ಕತ್ತಲೂ ಚೆನ್ನಾಗಿದೆ, ನಿಮ್ಮ ಕಣ್ಣೂ ಚೆನ್ನಾಗಿದೆ. ಕರ್ಕಾಟಕದ ಪುಷ್ಯ ಗುಚ್ಛ, ದೇವಯಾನಿ ಗ್ಯಾಲಕ್ಸಿ ಬರಿಗಣ್ಣಿಗೆ ಮಂಕು ತೇಪೆಯಾಗಿ ಕಂಡರೆ ತೇರ್ಗಡೆ. ಮಂಕಾದದ್ದನ್ನು ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ: ದಂಡಕೋಶಗಳು ಇರುವುದು ಕಣ್ಣಿನ ಕೇಂದ್ರದ ಆಚೀಚೆ.

ದಕ್ಷಿಣಕ್ಕೆ ಪ್ರತ್ಯೇಕ ಪರೀಕ್ಷೆ ಒಮೇಗಾ ಸೆಂಟಾರಿ. ಏಪ್ರಿಲ್ ಮಧ್ಯದ ನಡುರಾತ್ರಿ ಮೂರು ಮುಷ್ಟಿಗಿಂತ ತುಸು ಕೆಳಗೆ, ಮಸುಕಾದ ನಕ್ಷತ್ರದಂತೆ ಬರಿಗಣ್ಣಿಗೆ ಸಿಕ್ಕರೆ ನಿಮ್ಮ ದಕ್ಷಿಣ ಗೆದ್ದಂತೆ. 10×50 ಬೈನಾಕ್ಯುಲರಿನಲ್ಲಿ ಅದು ಹಿಟ್ಟಿನ ಉಂಡೆಯಂತೆ ದುಂಡಗೆ, ಅಂಚಿನಲ್ಲಿ ಕರಗಿಹೋಗುವಂತೆ ಕಾಣುತ್ತದೆ. ಅಷ್ಟು ದೊಡ್ಡ ಗೋಳಗುಚ್ಛ ನಮ್ಮ ಆಕಾಶದಲ್ಲಿ ಮತ್ತೊಂದಿಲ್ಲ.

ಮೋಡದ ತುಣುಕು ಬಂದರೆ ಬೇಸರಪಡಬೇಡಿ, ಅದೂ ಅಳತೆಗೋಲು. ಒಳ್ಳೆಯ ಜಾಗದಲ್ಲಿ ಮೋಡ ಕಪ್ಪು ತೂತಿನಂತೆ ನಕ್ಷತ್ರಗಳನ್ನು ನುಂಗುತ್ತದೆ. ಕೆಟ್ಟ ಜಾಗದಲ್ಲಿ ಆಕಾಶಕ್ಕಿಂತ ಬೆಳ್ಳಗೆ ಹೊಳೆಯುತ್ತದೆ, ಕೆಳಗಿನ ದೀಪಗಳು ಅದರ ಹೊಟ್ಟೆಗೆ ಬಡಿಯುವುದರಿಂದ.

ಕೊನೆಗೆ ಮೊಬೈಲಿನ ಪ್ರೊ ಮೋಡ್‌ನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಫೋಟೊ. ಐಎಸ್ಒ 1600, ಶಟರ್ 10 ಸೆಕೆಂಡ್, ಫೋಕಸ್ ಅನಂತ, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್, 3 ಸೆಕೆಂಡ್ ಟೈಮರ್. ನೀರಿನ ಬಾಟಲಿಗೆ ಒರಗಿಸಿಟ್ಟರೆ ಸಾಕು. ಎಲ್ಲವನ್ನೂ ಕೈಯಾರೆ ನಿಗದಿ ಮಾಡದೆ ನೈಟ್ ಮೋಡ್ ಬಿಟ್ಟರೆ ಫೋನು ತಾನೇ ಬೆಳಕು ಏರಿಸಿ ಇಳಿಸಿ ಹೋಲಿಕೆಯನ್ನು ಸುಳ್ಳು ಮಾಡುತ್ತದೆ. ಐದಾರು ಜಾಗಗಳ ದಕ್ಷಿಣದ ಫೋಟೊಗಳನ್ನು ಪಕ್ಕಪಕ್ಕ ಇಟ್ಟಾಗ ತೀರ್ಪು ತಾನಾಗಿ ಬರುತ್ತದೆ.

ಊರವರು, ಹಾವು, ಹೆಡ್‌ಲೈಟ್

ಈ ಸೀಮೆಯಲ್ಲಿ ರಾತ್ರಿ ಹಾಳುಗುಡಿ, ಬಂಡೆ, ಕೋಟೆಗಳ ಹತ್ತಿರ ಅಪರಿಚಿತರು ಕಂಡರೆ ಜನ ಮೊದಲು ಅನುಮಾನಿಸುವುದು ನಿಧಿಗಳ್ಳರೆಂದು. ಹೊಳೆಯ ಹತ್ತಿರವಾದರೆ ಮರಳು ಕದಿಯುವವರೆಂದು. ಅವರ ಅನುಮಾನಕ್ಕೆ ಕಾರಣವಿದೆ. ಹಗಲು ಹೋದಾಗಲೇ ಹೊಲದವರನ್ನು ಕಂಡು ಅನುಮತಿ ಕೇಳಿ, ಬೈನಾಕ್ಯುಲರ್ ತೋರಿಸಿ, ಹಳ್ಳಿಯ ಇಬ್ಬರು ಹಿರಿಯರ ಫೋನ್ ನಂಬರ್ ಪಡೆಯಿರಿ. ಠಾಣೆಗೂ ಒಂದು ಮಾತು ತಿಳಿಸಿ. ಹಳೆಯ ದೇವಸ್ಥಾನದ ಆವರಣ, ಸ್ಮಶಾನ, ಹೊಳೆಯ ಮರಳು ಇವನ್ನು ಬಿಟ್ಟುಬಿಡಿ. ಶಾಲೆ ಮೈದಾನದಲ್ಲಿ ಮಕ್ಕಳಿಗೆ ತೋರಿಸುವುದಾದರೆ ಮುಖ್ಯೋಪಾಧ್ಯಾಯರ ಜೊತೆಗೆ ಪಂಚಾಯಿತಿಯ ವಾಟರ್‌ಮ್ಯಾನ್ ಅವರನ್ನೂ ಕಾಣಿ. ಎಷ್ಟೋ ಹಳ್ಳಿಗಳಲ್ಲಿ ಬೀದಿದೀಪದ ಸ್ವಿಚ್ ಅವರ ಕೈಯಲ್ಲಿರುತ್ತದೆ, ಊರವರು ಒಪ್ಪಿದರೆ ಆ ಬೀದಿಯ ದೀಪ ಒಂದು ಗಂಟೆ ಆರುತ್ತದೆ.

ಮೂರು ಜನಕ್ಕಿಂತ ಕಡಿಮೆ ಹೋಗಬೇಡಿ. ಕುರುಚಲು ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ, ಬಂಡೆಯ ಸಂದು, ಪೊದೆ, ಗುಹೆಯ ಬಾಯಿಂದ ದೂರ ತೆರೆದ ಜಾಗದಲ್ಲಿ ಕೂರಿ. ಕೊಳಕುಮಂಡಲ, ಕಟ್ಟುಹಾವು ಎರಡೂ ರಾತ್ರಿ ಓಡಾಡುವಂಥವು: ಕಣಕಾಲು ಮುಚ್ಚುವ ಬೂಟು ಹಾಕಿ, ಬರಿನೆಲದ ಮೇಲೆ ಮಲಗುವ ಬದಲು ಮಡಚುವ ಕುರ್ಚಿ ಒಯ್ಯಿರಿ, ಎದ್ದು ನಡೆಯುವಾಗಲೆಲ್ಲ ಕೆಂಪು ದೀಪ ನೆಲಕ್ಕೆ ಹಿಡಿಯಿರಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಅಲುಗಾಡದಂತೆ ಇರಿಸಿ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಆದ್ದರಿಂದಲೇ ಮೊಬೈಲ್ ಸಿಗ್ನಲ್ ಇಲ್ಲದ ಜಾಗವನ್ನು ಪಟ್ಟಿಯಿಂದ ತೆಗೆಯಬೇಕು, ಆಕಾಶ ಎಷ್ಟೇ ಚೆನ್ನಾಗಿರಲಿ.

ಕೆಂಪು ದೀಪಕ್ಕೆ ಸ್ಟೇಷನರಿ ಅಂಗಡಿಯ ಕೆಂಪು ಜಿಲಾಟಿನ್ ಹಾಳೆ ಮೂರು ನಾಲ್ಕು ಪದರ ಟಾರ್ಚಿಗೆ ಸುತ್ತಿ. ಒಂದೇ ಪದರವಾದರೆ ಬಿಳಿ ಎಲ್‌ಇಡಿಯ ನೀಲಿ ನುಸುಳಿ ಬೆಳಕು ಗುಲಾಬಿಯಾಗುತ್ತದೆ, ಅದು ಕತ್ತಲಿಗೆ ಹೊಂದಿದ ಕಣ್ಣನ್ನು ಕೆಡಿಸುತ್ತದೆ. ಅಂಗೈ ರೇಖೆ ಕಾಣುವಷ್ಟು ಮಂದವಿದ್ದರೆ ಸಾಕು. ಬೈಕಿನ ವಿಷಯ ಹಲವರು ಮರೆಯುತ್ತಾರೆ: 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಎಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟ್ ಉರಿಯುತ್ತದೆ, ಆರಿಸುವ ಸ್ವಿಚ್ ಇಲ್ಲ. ಆದ್ದರಿಂದ ಬಂದ ತಕ್ಷಣ ಬೈಕನ್ನು ಉತ್ತರಕ್ಕೆ, ಹೊರಡುವ ದಾರಿಗೆ ಮುಖ ಮಾಡಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಹೊರಡಿ. ಕಾರಾದರೆ ಬಾಗಿಲು ತೆಗೆದಾಗ ಹತ್ತುವ ಒಳದೀಪವನ್ನು ಮೊದಲೇ ಆಫ್ ಮಾಡಿ. ಹೊದೆಯಲು ಚಳ್ಳಕೆರೆ ಕಂಬಳಿಯಂಥದ್ದು ಬೇರೆ ಇಲ್ಲ, ಉಣ್ಣೆ ಇಬ್ಬನಿಗೆ ಬೇಗ ಒಳಗೊಳಗೆ ತೋಯುವುದಿಲ್ಲ.

ಜಾಗದ ಪುಸ್ತಕ

ಒಂದು ಜಾಗ ಸಾಲದು. ಮನೆಯ ತಾರಸಿ ಅಥವಾ ಊರಂಚು ಒಂದು, ವಾರದ ದಿನಗಳಿಗೆ. ದಕ್ಷಿಣದ ದಿಬ್ಬ ಎರಡನೆಯದು. ಆಗ್ನೇಯ ಮರೆಯಾಗಿರುವ ಬೆಳಗಿನ ಜಾವದ ಜಾಗ ಮೂರನೆಯದು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ: ಸರ್ವೆ ನಂಬರ್, ಅನುಮತಿ ಕೊಟ್ಟವರು, ದಕ್ಷಿಣದ ಅಡೆತಡೆ ಎಷ್ಟು ಮುಷ್ಟಿ, ಕಾಣುವ ದೀಪಗಳು, ಚೌಕದೊಳಗೆ ಎಣಿಸಿದ ನಕ್ಷತ್ರ, ಇಬ್ಬನಿ ಶುರುವಾದ ಹೊತ್ತು, ದಾರಿಯ ಸ್ಥಿತಿ.

ಜಾಗಗಳು ನಿಂತಲ್ಲೇ ಕೆಡುತ್ತವೆ. ಹೊಸ ಹೈಮಾಸ್ಟ್ ಬರುತ್ತದೆ, ಬೀಳು ಹೊಲ ತೆಂಗಿನ ತೋಟವಾಗುತ್ತದೆ. ಪ್ರತಿ ವರ್ಷ ಕಾರ್ತಿಕ ಅಮಾವಾಸ್ಯೆಯ ಆಸುಪಾಸು ಅದೇ ಬಂಡೆಯ ಮೇಲೆ, ಅದೇ ಹೊತ್ತಿಗೆ, ಅದೇ ಸೆಟ್ಟಿಂಗ್‌ನಲ್ಲಿ ನಾಲ್ಕು ಫೋಟೊ ತೆಗೆದು ಹಿಂದಿನ ವರ್ಷದವುಗಳ ಜೊತೆ ಹೋಲಿಸಿ. ಕೆಡಿಸಿದ್ದು ಒಂದೇ ಒಂದು ಬೀದಿದೀಪ ಎಂದು ತಿಳಿದರೆ ಎರಡು ವರ್ಷದ ಫೋಟೊಗಳನ್ನು ಪಂಚಾಯಿತಿಗೆ ಒಯ್ದು ತೋರಿಸಿ. ದೀಪ ತೆಗೆಯಿರಿ ಎನ್ನಬೇಡಿ, ಬೆಳಕು ರಸ್ತೆಗೆ ಮಾತ್ರ ಬೀಳುವಂತೆ ಅದರ ಮುಖವನ್ನು ಕೆಳಕ್ಕೆ ಬಗ್ಗಿಸಿ ಮೇಲೊಂದು ತಗಡು ಹೊದಿಸಿ ಎಂದು ಕೇಳಿ. ರಸ್ತೆ ಮೊದಲಿಗಿಂತ ಬೆಳ್ಳಗಾಗುವುದರಿಂದ ಈ ಕೋರಿಕೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು, ತಗಡೂ ಒಂದು ಮೊಳ ಸಾಕು.